ರೂಮು ಸರಿಯಿಲ್ಲದಿದ್ದರೆ ದುಡ್ಡು ವಾಪಸ್ ಕೇಳಬಹುದಾ?

ಓದುಗರ ಪ್ರಶ್ನೆ: ದೂರದ ಪ್ರಯಾಣದಲ್ಲಿ ರಾತ್ರಿ ತಡವಾಗಿ ಒಂದು ಅಗ್ಗದ ಮೋಟೆಲ್‌ಗೆ ಹೋದೆವು. ಫೋಟೋದಲ್ಲಿ ಚೆನ್ನಾಗಿತ್ತು. ಒಳಗೆ ಹೋದರೆ ಸಿಗರೇಟು ವಾಸನೆ, ಬೆಡ್‌ಶೀಟಿನ ಮೇಲೆ ಯಾರದೋ ಕೂದಲು, ಬಾತ್‌ರೂಮಿನಲ್ಲಿ ನೀರು ಕಟ್ಟಿಕೊಂಡು ನಿಂತಿತ್ತು. ತುಂಬಾ ಸುಸ್ತಾಗಿತ್ತು, ಹೇಗೋ ಮಲಗಿ ಎದ್ದೆವು. ಬೆಳಿಗ್ಗೆ ದುಡ್ಡು ವಾಪಸ್ ಕೇಳಿದರೆ ಆಗುವುದಿಲ್ಲ ಅಂದರು. ಕಡಿಮೆ ದುಡ್ಡು ಕೊಟ್ಟಿದ್ದೇವೆ ಅಂತ ಸುಮ್ನೆ ಇರಬೇಕಾ?

ಇರಬೇಕಿಲ್ಲ. ಆದರೆ ನೀವು ಕೇಳಿದ ಹೊತ್ತು ತಪ್ಪಾಯಿತು. ಬೆಳಿಗ್ಗೆ ಕೇಳಿದ್ದನ್ನು ರಾತ್ರಿಯೇ, ಬ್ಯಾಗು ಬಿಚ್ಚುವ ಮೊದಲೇ ಕೇಳಿದ್ದರೆ ಉತ್ತರ ಬೇರೆ ಇರುವ ಸಾಧ್ಯತೆ ಜಾಸ್ತಿ ಇತ್ತು.

ಮೋಟೆಲಿನವರ ಲೆಕ್ಕ ಹೀಗಿರುತ್ತದೆ. ಇವತ್ತು ರಾತ್ರಿ ಖಾಲಿ ಉಳಿದ ರೂಮನ್ನು ನಾಳೆ ಮಾರಲು ಬರುವುದಿಲ್ಲ. ಒಳಗೆ ಹೋದ ಹತ್ತು ನಿಮಿಷಕ್ಕೆ ನೀವು ಕೀ ವಾಪಸ್ ಕೊಟ್ಟರೆ, ರೂಮನ್ನು ಸರಿಮಾಡಿ ಇನ್ನೊಬ್ಬರಿಗೆ ಕೊಡಬಹುದು, ಅಥವಾ ನಿಮಗೇ ಬೇರೆ ರೂಮು ಕೊಡಬಹುದು. ನೀವು ಅಲ್ಲೇ ಮಲಗಿ ಎದ್ದ ಮೇಲೆ ಅವರ ಲೆಕ್ಕದಲ್ಲಿ ರೂಮು ಬಳಕೆಯಾಯಿತು. ಆಮೇಲೆ ದುಡ್ಡು ವಾಪಸ್ ಕೊಡಿಸಿ ಅಂತ ಕಾರ್ಡು ಕೊಟ್ಟ ಬ್ಯಾಂಕಿಗೆ ತಕರಾರು ಕೊಟ್ಟರೂ ಮೊದಲು ಬರುವ ಮಾತು ಇದೇ: ಇವರು ರಾತ್ರಿ ಅಲ್ಲಿಯೇ ಉಳಿದಿದ್ದರಲ್ಲ?

ನನಗೂ ಒಮ್ಮೆ ಹೀಗೇ ಆಗಿತ್ತು. ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತು. ಕಿಟಕಿ ಕೆಳಗೆ ಕಾಲಿಟ್ಟರೆ ಕಾರ್ಪೆಟ್ ಪಚಪಚ ಅಂತಿತ್ತು. ಮಗು ಆಗಲೇ ಹೆಗಲ ಮೇಲೆ ನಿದ್ದೆ ಹೋಗಿತ್ತು. ಮತ್ತೆ ಕೌಂಟರಿಗೆ ಹೋಗಿ ವಾದ ಮಾಡಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಹೇಳಿದಾಗ ಅಲ್ಲಿದ್ದವರು, "ರಾತ್ರಿಯೇ ಹೇಳಿದ್ದರೆ ಪಕ್ಕದ ಸಾಲಿನಲ್ಲಿ ರೂಮು ಖಾಲಿ ಇತ್ತು" ಅಂದರು. ಮಗುವನ್ನು ಆ ತೇವದ ರೂಮಿನಲ್ಲಿ ಮಲಗಿಸಿದೆನಲ್ಲ ಅಂತ ಇವತ್ತಿಗೂ ಬೇಜಾರಿದೆ. ಅದಕ್ಕೇ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲು, ಕಡಿಮೆ ದುಡ್ಡಿಗೆ ಏನನ್ನು ಸಹಿಸಿಕೊಳ್ಳಬೇಕು, ಏನನ್ನು ಸಹಿಸಬೇಕಿಲ್ಲ ಅನ್ನುವುದನ್ನು ಬಿಡಿಸಿಕೊಳ್ಳೋಣ. ಚಿಕ್ಕ ರೂಮು, ಹಳೇ ಟಿವಿ, ತೆಳ್ಳಗಿನ ಟವೆಲ್, ಒಂದೇ ಸೋಪು, ಇವೆಲ್ಲ ಬೆಲೆಗೆ ತಕ್ಕಂತೆ ಬರುವವು. ಹೊರಗಿನ ಗಲಾಟೆಯೂ ಸ್ವಲ್ಪ ಮಟ್ಟಿಗೆ ಹಾಗೇ. ಮೋಟೆಲ್ ಹುಟ್ಟಿದ್ದೇ ಕಾರಿನವರಿಗಾಗಿ. 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊ ಊರಿನಲ್ಲಿ ಆರ್ಥರ್ ಹೈನ್‌ಮನ್ ಎಂಬವರು ಮೋಟರ್ ಮತ್ತು ಹೋಟೆಲ್ ಎರಡೂ ಪದ ಸೇರಿಸಿ 'ಮೋ-ಟೆಲ್' ಅಂತ ಬೋರ್ಡು ಹಾಕಿದರು. ಕಾರನ್ನು ಬಾಗಿಲ ಹತ್ತಿರವೇ ನಿಲ್ಲಿಸಬಹುದು ಅನ್ನುವುದೇ ಇಂಥ ಜಾಗದ ಅನುಕೂಲ. ಅದರ ಜೊತೆಗೇ ಕಾರಿನ ಬಾಗಿಲು ಬಡಿಯುವ ಸದ್ದು, ಕಿಟಕಿಗೆ ಹೊಡೆಯುವ ಹೆಡ್‌ಲೈಟು ಎರಡೂ ಬರುತ್ತವೆ. ಬುಕ್ ಮಾಡುವಾಗಲೇ ರಸ್ತೆಯಿಂದ ದೂರದ, ಹಿಂದಿನ ಸಾಲಿನ ರೂಮು ಕೇಳಿದರೆ ಇದು ಅರ್ಧ ಕಡಿಮೆಯಾಗುತ್ತದೆ.

ಆದರೆ ಶುಚಿಯಾದ ಹಾಸಿಗೆ, ಗಟ್ಟಿಯಾಗಿ ಮುಚ್ಚುವ ಬಾಗಿಲು, ಬರುವ ನೀರು, ಇಳಿದು ಹೋಗುವ ನೀರು, ಹುಳ ಇಲ್ಲದ ಕೋಣೆ ಸಿಗಲೇಬೇಕು. ಇವು ದುಬಾರಿ ರೂಮಿಗೆ ಮಾತ್ರ ಸಿಗುವ ಸವಲತ್ತುಗಳಲ್ಲ. ರಾತ್ರಿ ಮಲಗುವುದಕ್ಕೆ ಅಂತ ದುಡ್ಡು ತೆಗೆದುಕೊಂಡ ಮೇಲೆ ಇಷ್ಟನ್ನು ಕೊಡಲೇಬೇಕು, ಬೆಲೆ ಎಷ್ಟೇ ಇರಲಿ.

ಕೊಳಕಿಗೆ ಅಲ್ಲಿ ಕೆಲಸ ಮಾಡುವವರನ್ನು ಬೈಯುವ ಮೊದಲು ಒಂದು ಮಾತು. ಎಂಟು ಗಂಟೆಯ ಪಾಳಿಯಲ್ಲಿ ಒಬ್ಬರ ಪಾಲಿಗೆ ಹತ್ತು-ಹದಿನೈದು ರೂಮು ಬೀಳುವುದು ಸಾಮಾನ್ಯ. ಹದಿನೈದು ಅಂದರೆ ಒಂದು ರೂಮಿಗೆ 32 ನಿಮಿಷ. ಅಷ್ಟರಲ್ಲಿ ಹಾಸಿಗೆ ಬದಲಿಸಿ, ಬಾತ್‌ರೂಮು ತೊಳೆದು, ಕಸ ತೆಗೆದು ಮುಂದಿನ ರೂಮಿಗೆ ಓಡಬೇಕು. ಆ ಕೂದಲು ಉಳಿಯುವುದು ಬಹಳ ಸಲ ಹೀಗೆ. ಮಾತಾಡಬೇಕಾದ್ದು ಮ್ಯಾನೇಜರ್ ಹತ್ತಿರ, ರೂಮು ಶುಚಿ ಮಾಡುವವರ ಹತ್ತಿರ ಅಲ್ಲ.

ವಾಸನೆಯ ವಿಷಯ ಬೇರೆ. ಸಿಗರೇಟಿನ ನಿಕೋಟಿನ್ ಗಾಳಿಯಲ್ಲಷ್ಟೇ ಇರುವುದಿಲ್ಲ. ಪರದೆ, ಕಾರ್ಪೆಟ್, ಗೋಡೆಗಳಿಗೆ ಅಂಟಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಿಟಕಿ ತೆಗೆದರೂ, ಸ್ಪ್ರೇ ಹೊಡೆದರೂ ಅದು ಹೋಗುವುದಿಲ್ಲ. ಕೆಲವು ರೂಮುಗಳಲ್ಲಿ ಮಾತ್ರ ಸೇದಲು ಬಿಡುವ ಕಡೆ, ಸೇದಬಾರದು ಅಂತ ಬೋರ್ಡಿರುವ ರೂಮಿನಲ್ಲೂ ಅದರ ಅಂಶ ಇರುತ್ತದೆ. ಹಾಗಾಗಿ ಇಡೀ ಕಟ್ಟಡದಲ್ಲೇ ಸೇದುವಂತಿಲ್ಲವಾ ಅಂತ ಮೊದಲೇ ಕೇಳಿ. ಮುಗ್ಗಲು ವಾಸನೆಗೆ ಕಾರಣ ತೇವ. ಕಿಟಕಿ ಕೆಳಗೆ ಗೋಡೆಯಲ್ಲೇ ಕೂರಿಸಿದ ಎಸಿಯ ನೀರು ಹೊರಗೆ ಹೋಗುವ ದಾರಿ ಕಟ್ಟಿಕೊಂಡರೆ, ಅದು ಒಳಗೆ ಸೋರಿ ಕಾರ್ಪೆಟ್ ನೆನೆಯುತ್ತದೆ. ನೆನೆದದ್ದು ಒಣಗದೆ ಬೂಷ್ಟು ಹಿಡಿಯುತ್ತದೆ. ಇವೆರಡನ್ನೂ ಆ ರಾತ್ರಿ ಯಾರೂ ಸರಿಮಾಡಲಾರರು. ರೂಮು ಬದಲಿಸಬೇಕು, ಅಷ್ಟೇ.

ಈಗ ಆ ಮೊದಲ ಹತ್ತು ನಿಮಿಷ. ಸಾಧ್ಯವಾದರೆ ಬ್ಯಾಗುಗಳನ್ನು ಕಾರಿನಲ್ಲೇ ಬಿಡಿ. ಇಲ್ಲದಿದ್ದರೆ ಬಾತ್‌ರೂಮಿನಲ್ಲಿಡಿ, ಹಾಸಿಗೆ ಮೇಲೆ ಮಾತ್ರ ಬೇಡ. ಬೆಡ್‌ಶೀಟನ್ನು ಮೂಲೆಯಿಂದ ಎತ್ತಿ ಹಾಸಿಗೆಯ ಅಂಚಿನ ಹೊಲಿಗೆ ನೋಡಿ. ಮೊಬೈಲ್ ಟಾರ್ಚ್ ಹಿಡಿದು ತಲೆಬದಿಯ ಹಲಗೆಯ ಹಿಂದೆ ನೋಡಿ. ನೀವು ಹುಡುಕುತ್ತಿರುವುದು ತಿಗಣೆ. ಬೆಳೆದದ್ದು 5ರಿಂದ 7 ಮಿಲಿಮೀಟರ್, ಸೇಬಿನ ಬೀಜದಷ್ಟು, ಚಪ್ಪಟೆ, ಕಂದು ಬಣ್ಣ. ಎಷ್ಟೋ ಸಲ ತಿಗಣೆ ಕಾಣುವುದಿಲ್ಲ, ಅದರ ಗುರುತು ಕಾಣುತ್ತದೆ. ಹೊಲಿಗೆಯುದ್ದಕ್ಕೂ ಪೆನ್ನಿನಿಂದ ಚುಕ್ಕಿ ಇಟ್ಟಂತೆ ಕಪ್ಪು ಕಲೆ, ಬೆಡ್‌ಶೀಟಿನ ಮೇಲೆ ತುಕ್ಕಿನ ಬಣ್ಣದ ರಕ್ತದ ಕಲೆ.

ತಿಗಣೆ ಕೊಳಕಿನಿಂದಲೇ ಬರುತ್ತದೆ ಅನ್ನುವುದು ತಪ್ಪು. ಅದು ಜನರ ಬ್ಯಾಗಿನಲ್ಲಿ ಪ್ರಯಾಣ ಮಾಡುತ್ತದೆ, ಫಳಫಳ ಹೊಳೆಯುವ ರೂಮಿನಲ್ಲೂ ಇರಬಹುದು. ರಕ್ತ ಸಿಗದೆ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ರೂಮನ್ನು ಕೆಲವು ದಿನ ಖಾಲಿ ಬಿಟ್ಟರೂ ಹೋಗುವುದಿಲ್ಲ. ಅದರಿಂದ ರೋಗ ಹರಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ, ಅದೊಂದು ಸಮಾಧಾನ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಚ್ಚಿದ ಗುರುತು ಕೆಲವರಿಗೆ ಮರುದಿನವೇ ಏಳುವುದಿಲ್ಲ, 14 ದಿನದವರೆಗೂ ತಡವಾಗಬಹುದು. ಬೆಳಿಗ್ಗೆ ಕೈಕಾಲು ನೋಡಿಕೊಂಡು "ಏನೂ ಆಗಿಲ್ಲ" ಅಂತ ನಿರ್ಧರಿಸಬೇಡಿ. ತಿಗಣೆ ಕಂಡರೆ ಪಕ್ಕದ ರೂಮಿಗೆ ಹೋಗಬೇಡಿ, ಮೇಲಿನದೂ ಬೇಡ, ಕೆಳಗಿನದೂ ಬೇಡ. ಗೋಡೆಯ ಸಂದಿಯಿಂದ ಅವು ಅಲ್ಲಿಗೂ ದಾಟಿರಬಹುದು. ದೂರದ ರೂಮು ಕೇಳಿ, ಅಲ್ಲೂ ಮತ್ತೆ ನೋಡಿ. ಮನೆಗೆ ಹೋದ ಮೇಲೆ ಬಟ್ಟೆಗಳನ್ನು ಜಾಸ್ತಿ ಬಿಸಿಯ ಡ್ರೈಯರ್‌ನಲ್ಲಿ 30 ನಿಮಿಷ ತಿರುಗಿಸಿದರೆ ಸಾಯುತ್ತವೆ.

ಆಮೇಲೆ ಬಾಗಿಲಿನ ಚಿಲಕ, ಕಿಟಕಿಯ ಕೊಂಡಿ, ಪಕ್ಕದ ರೂಮಿಗೆ ತೆರೆಯುವ ಬಾಗಿಲಿದ್ದರೆ ಅದು, ಹೊಗೆ ಅಲಾರಂ ಇವನ್ನೆಲ್ಲ ನೋಡಿ. ನಲ್ಲಿ ತಿರುಗಿಸಿ, ಫ್ಲಶ್ ಮಾಡಿ. ಚಿಲಕ ಕೂರದ ರೂಮಿನಲ್ಲಿ ಒಂದು ರಾತ್ರಿಯೂ ಬೇಡ.

ತೊಂದರೆ ಕಂಡರೆ ಮೊದಲು ಫೋಟೋ, ಆಮೇಲೆ ಕೌಂಟರ್. ರಾತ್ರಿ ಅಲ್ಲಿ ಬಹಳ ಸಲ ಒಬ್ಬರೇ ಇರುತ್ತಾರೆ. ರೂಮು ಬದಲಿಸುವುದು ಅವರ ಕೈಯಲ್ಲಿರುತ್ತದೆ, ದುಡ್ಡು ವಾಪಸ್ ಕೊಡುವುದು ಹೆಚ್ಚಾಗಿ ಇರುವುದಿಲ್ಲ. ಅದಕ್ಕೇ ಅವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. "ಈ ರೂಮಿನಲ್ಲಿ ಮಲಗಲು ಆಗುವುದಿಲ್ಲ. ಬೇರೆ ರೂಮು ಕೊಡಿ. ಇಲ್ಲದಿದ್ದರೆ ಬುಕಿಂಗ್ ರದ್ದು ಮಾಡಿ, ನಾವು ಹೋಗುತ್ತೇವೆ" ಅಂತ ನೇರವಾಗಿ ಹೇಳಿ. ಹೇಳಿದ್ದು ಎಷ್ಟು ಗಂಟೆಗೆ, ಯಾರಿಗೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಹೊರಟರೆ, ರದ್ದಾಗಿದೆ ಅಂತ ಕಾಗದದಲ್ಲೋ ಮೇಲ್‌ನಲ್ಲೋ ಪಡೆದೇ ಹೊರಡಿ.

ಇಲ್ಲಿ ಬಹಳ ಜನ ಎಡವುವುದು ದುಡ್ಡು ಯಾರ ಕೈಗೆ ಹೋಗಿದೆ ಅನ್ನುವುದರಲ್ಲಿ. ಬುಕಿಂಗ್ ಸೈಟಿಗೆ ಮೊದಲೇ ಕಟ್ಟಿದ್ದರೆ ಮೋಟೆಲಿನವರು ಸೈಟಿನ ಕಡೆ ಕೈ ತೋರಿಸುತ್ತಾರೆ, ಸೈಟಿನವರು ಮೋಟೆಲಿನ ಕಡೆ. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಯಾರ ಹೆಸರಿದೆಯೋ ಅವರೇ ವಾಪಸ್ ಕೊಡಬೇಕಾದವರು. ಸೈಟಾಗಿದ್ದರೆ ಕೌಂಟರಿನ ಮುಂದೆ ನಿಂತೇ ಅವರಿಗೆ ಫೋನ್ ಮಾಡಿ, ಫೋನನ್ನು ಮೋಟೆಲಿನವರ ಕೈಗೆ ಕೊಡಿ. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಲು ಆಗ ದಾರಿ ಇರುವುದಿಲ್ಲ. ಅಂದಹಾಗೆ ಡೆಪಾಸಿಟ್ ಅಂತ ಕಾರ್ಡಿನಲ್ಲಿ ತಡೆಹಿಡಿದ ಮೊತ್ತ ಬೇರೆ. ಅದನ್ನು ಅವರು ಪಡೆದುಕೊಂಡಿರುವುದಿಲ್ಲ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಬಿಡುಗಡೆಯಾಗುತ್ತದೆ.

ಬೋರ್ಡಿನ ಮೇಲಿನ ದೊಡ್ಡ ಹೆಸರನ್ನು ನಂಬಿ ಬುಕ್ ಮಾಡುವವರಿಗೂ ಒಂದು ಮಾತು. ಎಷ್ಟೋ ಮೋಟೆಲುಗಳಲ್ಲಿ ಹೆಸರು ಕಂಪನಿಯದು, ಕಟ್ಟಡ ಬೇರೆ ಯಾರದೋ. ಒಂದೇ ಹೆಸರಿನ ಎರಡು ಮೋಟೆಲುಗಳಿಗೆ ಅಜಗಜಾಂತರ ಇರುವುದು ಇದರಿಂದಲೇ. ಹಾಗಾಗಿ ಆ ಕಟ್ಟಡದ್ದೇ ಇತ್ತೀಚಿನ ಎರಡು-ಮೂರು ತಿಂಗಳ ಅಭಿಪ್ರಾಯಗಳನ್ನು ಓದಿ. ಬೇರೆ ಬೇರೆಯವರು ಒಂದೇ ದೂರು ಹೇಳಿದ್ದರೆ ನಂಬಿ.

ಇನ್ನು ನಿಮ್ಮ ವಿಷಯ. ಒಂದು ರಾತ್ರಿ ಉಳಿದಿದ್ದೀರಿ, ಪೂರ್ತಿ ದುಡ್ಡು ಸಿಗುವುದು ಕಷ್ಟ. ಅರ್ಧದಷ್ಟಾದರೂ ಕೇಳಿ, ಅದು ನ್ಯಾಯವಾದ ಕೇಳಿಕೆಯೇ. ಇವತ್ತೇ ಮ್ಯಾನೇಜರ್‌ಗೆ ಮೇಲ್ ಬರೆಯಿರಿ: ಬುಕಿಂಗ್ ನಂಬರು, ತಾರೀಕು, ಮೂರು ದೂರು, ಎಷ್ಟು ವಾಪಸ್ ಬೇಕು. ಫೋಟೋ ಇದ್ದರೆ ಲಗತ್ತಿಸಿ. ಹೆಸರು ದೊಡ್ಡ ಕಂಪನಿಯದಾದರೆ ಅವರ ಗ್ರಾಹಕ ವಿಭಾಗಕ್ಕೂ ಒಂದು ಪ್ರತಿ ಕಳಿಸಿ. ಒಂದು ವಾರ ಕಾದರೂ ಉತ್ತರ ಬರದಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿಗೆ, ಹೇಳಿದ್ದೊಂದು ಕೊಟ್ಟಿದ್ದೊಂದು ಅಂತ ತಕರಾರು ಹಾಕಿ, ಆ ಮೇಲ್ ಅನ್ನೂ ಜೊತೆಗೆ ಕೊಡಿ. ಬ್ಯಾಂಕಿಗೆ ಹೇಳಲು ಗಡುವು ಇರುತ್ತದೆ, ಎಷ್ಟು ದಿನ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.