ಅಂಟಿನ ಉಂಡೆಯನ್ನು ತಕ್ಕಡಿಗಿಟ್ಟ ದಿನ

ನನ್ನ ಕ್ಲಿನಿಕ್ಕಿನ ತೂಕದ ಯಂತ್ರದ ಮೇಲೆ ನಿಲ್ಲುವ ಮುನ್ನ ಬಸುರಿಯರು ನಡೆಸುವ ಸಿದ್ಧತೆಯನ್ನು ನೋಡಬೇಕು. ಚಪ್ಪಲಿ ಬಿಡುತ್ತಾರೆ, ಅದು ಸರಿ. ಆಮೇಲೆ ಮೊಬೈಲನ್ನು ಗಂಡನ ಕೈಗೆ ಕೊಡುತ್ತಾರೆ, ಶಾಲನ್ನು ಕುರ್ಚಿಗೆ ಹಾಕುತ್ತಾರೆ, ಕೆಲವರು ಬಳೆಗೂ ಕೈ ಹಾಕುತ್ತಾರೆ. ಸೀಮಂತದ ಹಸಿರು ಬಳೆಯಾದರೆ ಅತ್ತೆ ತೆಗೆಯಲು ಬಿಡುವುದಿಲ್ಲ. ಒಬ್ಬಾಕೆ ಉಸಿರು ಬಿಗಿಹಿಡಿದು ನಿಂತಿದ್ದಳು. "ಉಸಿರು ಬಿಡಮ್ಮ, ಅದನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ" ಎಂದೆ.

ಮೊದಲೆಲ್ಲ ನಮ್ಮ ನರ್ಸ್ ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದರು, ನಾನು ಒಳಗೆ ಕುಳಿತು ಬರೆದುಕೊಳ್ಳುತ್ತಿದ್ದೆ. "ಎಪ್ಪತ್ತೆಂಟು!" ಎಂದದ್ದೇ ತಡ, ಬೆಂಚಿನ ಮೇಲಿದ್ದ, ಗುರುತು ಪರಿಚಯವಿಲ್ಲದ ಅಜ್ಜಿಯೊಬ್ಬರು "ನಮ್ಮ ಕಾಲದಲ್ಲಿ ಒಂಬತ್ತು ತಿಂಗಳಾದರೂ ಹೊಟ್ಟೆ ಕಾಣುತ್ತಿರಲಿಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಅಂದಿನಿಂದ ಕೂಗುವುದನ್ನು ನಿಲ್ಲಿಸಿ, ಚೀಟಿಯಲ್ಲಿ ಬರೆದು ಕೊಡುವ ಪದ್ಧತಿ ಮಾಡಿದ್ದೇವೆ. ಆದರೂ ಜಗಳ ತಪ್ಪಲಿಲ್ಲ. ತೂಕ ಏರದಿದ್ದರೆ "ನನ್ನ ಮಗಳಿಗೆ ಅಲ್ಲಿ ಹೊಟ್ಟೆ ತುಂಬ ಹಾಕುತ್ತಿಲ್ಲ" ಎಂದು ತಾಯಿ. ಏರಿದರೆ "ತವರಿಗೆ ಹೋಗಿ ಬಂದಾಗಲೆಲ್ಲ ಎರಡು ಕೆಜಿ" ಎಂದು ಅತ್ತೆ. ಎರಡು ಮನೆಗಳ ವ್ಯಾಜ್ಯಕ್ಕೆ ನನ್ನ ಯಂತ್ರ ಸಾಕ್ಷಿ.

ಹನ್ನೆರಡು ಕೆಜಿ ಏರಿದಾಕೆ ಹನ್ನೆರಡು ಕೆಜಿ ದಪ್ಪಗಾಗಿದ್ದಾಳೆ ಎಂದಲ್ಲ. ಲೆಕ್ಕ ಬಿಡಿಸಿ ನೋಡಿ. ಮಗು 3 ಕೆಜಿ ಅಥವಾ ತುಸು ಕಡಿಮೆ. ಮಾಸು ಅರ್ಧದಿಂದ ಮುಕ್ಕಾಲು ಕೆಜಿ, ಗರ್ಭದ ನೀರು ಮುಕ್ಕಾಲರಿಂದ ಒಂದು. ಬಸುರಿಗೆ ಮುಂಚೆ 60 ಗ್ರಾಮಿನ ಆಸುಪಾಸಿನಲ್ಲಿದ್ದ ಗರ್ಭಕೋಶವೇ ಕೊನೆಗೆ ಸುಮಾರು ಒಂದು ಕೆಜಿ ತೂಗುತ್ತದೆ. ಹೆಚ್ಚುವರಿ ರಕ್ತ ಒಂದೂಕಾಲು ಕೆಜಿಗೂ ಮೇಲೆ, ಸ್ತನಗಳು ಅರ್ಧ, ಅಂಗಾಂಶಗಳಲ್ಲಿ ನಿಂತ ನೀರು ಒಂದೂವರೆಯಷ್ಟು. ಇದೆಲ್ಲ ಕಳೆದು ಉಳಿದ ಮೂರು, ಮೂರೂವರೆ ಕೆಜಿ ಮಾತ್ರ ಕೊಬ್ಬು. ಅದೂ ದಂಡಕ್ಕಲ್ಲ, ಮುಂದೆ ಹಾಲೂಡಿಸುವ ತಿಂಗಳುಗಳಿಗೆಂದು ದೇಹ ಕೂಡಿಟ್ಟ ಗಂಟು.

ಯಾರಿಗೆ ಎಷ್ಟು ಏರಬೇಕು ಎಂಬುದು ಬಸುರಿಯಾಗುವ ಮುಂಚಿನ ತೂಕದ ಮೇಲೆ ನಿಂತಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಪಟ್ಟಿಯನ್ನೇ ನಾವು ಹೆಚ್ಚಿನವರು ಮುಂದಿಟ್ಟುಕೊಳ್ಳುತ್ತೇವೆ. ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ 18.5ಕ್ಕಿಂತ ಕಡಿಮೆ ಇದ್ದವರು 12.5ರಿಂದ 18 ಕೆಜಿ ಏರಬಹುದು. 25ರ ಒಳಗಿನವರು 11.5ರಿಂದ 16, 30ರ ಒಳಗಿನವರು 7ರಿಂದ 11.5; ಅದಕ್ಕೂ ಮೇಲಿನವರು 5ರಿಂದ 9. 152 ಸೆಂಟಿಮೀಟರ್ ಎತ್ತರದ, 48 ಕೆಜಿ ತೂಕದ ಹುಡುಗಿಯ ಬಿಎಂಐ 21ರ ಸಮೀಪ. ಅದೇ ಎತ್ತರದ, 62 ಕೆಜಿಯ ಅವಳ ಓರಗಿತ್ತಿಗೆ 27ರ ಸಮೀಪ. ಒಂದೇ ಮನೆ, ಒಂದೇ ಅಡುಗೆ, ಗುರಿ ಬೇರೆ. ಇಲ್ಲೊಂದು ತೊಡಕಿದೆ. ಆ ಪಟ್ಟಿ ಅಲ್ಲಿನ ಹೆಂಗಸರ ಮೈಕಟ್ಟಿಗೆ ಹೊಲಿದದ್ದು. ನಮ್ಮವರಲ್ಲಿ ಬಿಎಂಐ 23 ದಾಟಿದರೇ ಹೆಚ್ಚಿನ ತೂಕವೆಂದು ಎಣಿಸುತ್ತೇವೆ, ಸಕ್ಕರೆ ಕಾಯಿಲೆ ಬೇಗ ಹಿಡಿಯುವ ಜಾತಿಯ ದೇಹ ನಮ್ಮದು. ಹಾಗಾಗಿ ಗಿಡ್ಡಗಿನ, ಸಾಧಾರಣ ಮೈಯ ಬಸುರಿಗೆ ನಾನು ಪಟ್ಟಿಯ ಕೆಳತುದಿಯ ಆಸುಪಾಸನ್ನೇ ಹೇಳುತ್ತೇನೆ. ಹತ್ತರಿಂದ ಹನ್ನೆರಡು ಏರಿದರೆ ನನಗೆ ಸಮಾಧಾನ.

ಮೊದಲ ಮೂರು ತಿಂಗಳು ವಾಂತಿಯಲ್ಲಿ ಒಂದೆರಡು ಕೆಜಿ ಇಳಿಯುವವರು ಬಹಳ. ನೀರೂ ನಿಲ್ಲದಂತಾದರೆ ಬನ್ನಿ, ಇಲ್ಲವಾದರೆ ಗಾಬರಿ ಬೇಡ. ಆಮೇಲೆ ವಾರಕ್ಕೆ ನಾನೂರು ಗ್ರಾಂ ಆಸುಪಾಸು ಏರುತ್ತ ಹೋಗುತ್ತದೆ. ನಾನು ಗಾಬರಿಯಾಗುವುದು ಕೊನೆಯ ತಿಂಗಳುಗಳಲ್ಲಿ ಒಂದೇ ವಾರಕ್ಕೆ ಒಂದೂವರೆ, ಎರಡು ಕೆಜಿ ಏರಿದಾಗ. ಉಂಗುರ ಬೆರಳಿನಿಂದ ಹೊರಬರುವುದಿಲ್ಲ, ಬೆಳಿಗ್ಗೆ ಏಳುವಾಗಲೇ ಮುಖ ಊದಿರುತ್ತದೆ, ತಲೆ ಸಿಡಿಯುತ್ತದೆ. ಅದು ಊಟದಿಂದ ಬಂದ ತೂಕವಲ್ಲ, ನೀರು. ರಕ್ತದೊತ್ತಡ 140/90 ಮುಟ್ಟಿದೆಯೇ ಎಂದು ಅಂದೇ ನೋಡಬೇಕು. ಅಂಥವರನ್ನು "ಅನ್ನ ಕಡಿಮೆ ಮಾಡು" ಎಂದು ಮನೆಯಲ್ಲಿ ಕೂರಿಸಿಕೊಂಡು ನಾಲ್ಕು ದಿನ ಕಳೆದು ಕರೆತಂದದ್ದನ್ನು ಕಂಡಿದ್ದೇನೆ.

"ಇಬ್ಬರ ಊಟ ಮಾಡಬೇಕು" ಎಂಬ ಮಾತಿಗೆ ಬರೋಣ. ರಾಷ್ಟ್ರೀಯ ಪೋಷಣೆ ಸಂಸ್ಥೆ ಬಸುರಿಗೆ ಹೇಳುವ ಹೆಚ್ಚುವರಿ ಆಹಾರ ದಿನಕ್ಕೆ 350 ಕ್ಯಾಲೊರಿ. ಒಂದು ಜೋಳದ ರೊಟ್ಟಿ, ಸಣ್ಣ ಬಟ್ಟಲು ಹೆಸರುಕಾಳಿನ ಪಲ್ಯ, ಮುಕ್ಕಾಲು ಲೋಟ ಹಾಲು, ಅಷ್ಟರಲ್ಲಿ ಮುಗಿಯಿತು. ಕೊನೆಯ ಮೂರು ತಿಂಗಳಲ್ಲಿ ಹೆಚ್ಚಾಗಿ ಬೇಕಾಗುವುದು ಪ್ರೊಟೀನು, ದಿನಕ್ಕೆ 22 ಗ್ರಾಂ ಮೇಲುಸೇರಿಕೆ. ಆದರೆ ತಟ್ಟೆಗೆ ಬಂದು ಬೀಳುವುದು ಇನ್ನೊಂದು ಸೌಟು ಅನ್ನ, ಜೊತೆಗೆ ನೆಂಟರು ಬಯಕೆಗೆಂದು ತಂದ ಮೈಸೂರು ಪಾಕು.

ಹಾಗೆಂದು ಬಸುರಿನಲ್ಲಿ ತೂಕ ಇಳಿಸುವ ಸಾಹಸ ಬೇಡವೇ ಬೇಡ. ಬಿಎಂಐ 30 ದಾಟಿದವಳಿಗೂ ನಾನು ಪಥ್ಯ ಹೇಳುತ್ತೇನೆಯೇ ಹೊರತು ಉಪವಾಸ ಹೇಳುವುದಿಲ್ಲ. ಇನ್ನೊಂದು ಮಾತು. ದಪ್ಪಗಿರುವವರ ಬಗ್ಗೆಯೇ ಎಲ್ಲರೂ ಮಾತನಾಡುವಾಗ, ತೆಳ್ಳಗಿನವಳು ಸದ್ದಿಲ್ಲದೆ ಹಿಂದೆ ಉಳಿಯುತ್ತಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ 39 ಕೆಜಿಯ ಹುಡುಗಿಯೊಬ್ಬಳು ಏಳು ತಿಂಗಳಿಗೆ ಕೇವಲ ಮೂರು ಕೆಜಿ ಏರಿ ಬಂದಿದ್ದಳು. ಬೆಳಗಿನಿಂದ ಸಂಜೆಯವರೆಗೆ ಹತ್ತಿ ಬಿಡಿಸುವ ಕೆಲಸ. ಬಸುರಿಯರ ತಪಾಸಣೆ ಬರೆದಿಡುವ ಅವಳ 'ತಾಯಿ ಕಾರ್ಡ್'ನಲ್ಲಿ ಯಾರೋ "ವಾಕಿಂಗ್ ಮಾಡಿ" ಎಂದು ಬರೆದಿದ್ದರು. ಅವಳಿಗೆ ಬೇಕಾದದ್ದು ಅಂಗನವಾಡಿಯ ಬಿಸಿಯೂಟ, ಮೊಟ್ಟೆ, ಕಬ್ಬಿಣದ ಮಾತ್ರೆ, ಮಧ್ಯಾಹ್ನ ಒಂದು ತಾಸು ಮಲಗಲು ಜಾಗ. ನಡಿಗೆಯ ಸಲಹೆಯನ್ನು ನಾನೇ ಪೆನ್ನಿನಿಂದ ಹೊಡೆದುಹಾಕಿದೆ.

ನಡೆಯಬೇಕಾದವರು ಬೇರೆಯೇ ಇದ್ದಾರೆ. ಬಸುರಿಯೆಂದು ತಿಳಿದ ದಿನವೇ ಸ್ಕೂಟರ್ ಮಾರಿ, ಮೆಟ್ಟಿಲು ಹತ್ತುವುದನ್ನು ಬಿಟ್ಟು, ಸೋಫಾದಲ್ಲಿ ಕೂರಿಸಲ್ಪಟ್ಟವರು. ಎಂಟು ತಿಂಗಳು ಹೀಗೆ ಕೂರಿಸಿ, ಒಂಬತ್ತನೆಯ ತಿಂಗಳು ಬಿದ್ದ ಕೂಡಲೇ ಸಹಜ ಹೆರಿಗೆಯಾಗಲೆಂದು ಅದೇ ಹುಡುಗಿಯ ಕೈಗೆ ನೆಲ ಒರೆಸುವ ಬಟ್ಟೆ ಕೊಡುವುದಿದೆಯಲ್ಲ, ಅದು ನನಗೆ ಇನ್ನೂ ಅರ್ಥವಾಗದ ನ್ಯಾಯ. ತೊಂದರೆಯಿಲ್ಲದ ಬಸುರಿನಲ್ಲಿ ವಾರಕ್ಕೆ 150 ನಿಮಿಷ ಮಧ್ಯಮ ಗತಿಯ ವ್ಯಾಯಾಮ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಗತಿ ಅಳೆಯಲು ಕೈಗಡಿಯಾರ ಬೇಡ. ನಡೆಯುತ್ತ ಪಕ್ಕದವರೊಂದಿಗೆ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟೇ ಗತಿ. ಊಟವಾಗಿ ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡಿದರೆ ಸಕ್ಕರೆ ಏರುವವರಿಗೆ ಇನ್ನೂ ಲಾಭ. ಐದು ತಿಂಗಳ ನಂತರ ಅಂಗಾತ ಬಹಳ ಹೊತ್ತು ಮಲಗಿ ಮಾಡುವ ಆಸನಗಳು, ಬಿದ್ದರೆ ಹೊಟ್ಟೆಗೆ ಪೆಟ್ಟಾಗುವ ಆಟಗಳು ಬೇಡ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತಿದ್ದರೆ, ಬಾಯಿಗೆ ಹೊಲಿಗೆ ಹಾಕಿದ್ದರೆ, ರಕ್ತ ತೀರ ಕಡಿಮೆಯಿದ್ದರೆ, ರಕ್ತದೊತ್ತಡ ಏರಿದ್ದರೆ ನಿಮ್ಮ ವೈದ್ಯರನ್ನು ಕೇಳದೆ ಏನನ್ನೂ ಶುರುಮಾಡಬೇಡಿ. ನಡೆಯುವಾಗ ರಕ್ತ ಕಂಡರೆ, ನೀರು ಹೋದರೆ, ಎದೆ ನೋವು, ತಲೆಸುತ್ತು, ಒಂದೇ ಮೀನಖಂಡದಲ್ಲಿ ನೋವು ಮತ್ತು ಊತ ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ.

ಇಷ್ಟಾದರೂ ನನ್ನ ಅನುಭವದಲ್ಲಿ ನಮ್ಮ ಹೆಂಗಸರ ಮೈಗೆ ಅಂಟಿಕೊಳ್ಳುವ ತೂಕ ಬಸುರಿನದ್ದಲ್ಲ. ಹೆರಿಗೆಯಾದ ದಿನವೇ ಐದಾರು ಕೆಜಿ ಹೋಗುತ್ತದೆ. ಮುಂದಿನ ಎರಡು ವಾರ ಬೆವರು, ಮೂತ್ರದಲ್ಲಿ ಇನ್ನೂ ಎರಡು ಮೂರು ಕೆಜಿ ಇಳಿಯುತ್ತದೆ. ಆರು ವಾರಕ್ಕೆ ಗರ್ಭಕೋಶ ತನ್ನ ಹಳೆಯ ಅಳತೆಗೆ ಮರಳುತ್ತದೆ. ಆಮೇಲೆ ಇಳಿಯುವ ಬದಲು ಏರತೊಡಗಿದರೆ, ಅದು ಬಾಣಂತನದ ತೂಕ.

ಕಳೆದ ವರ್ಷ ಒಬ್ಬ ಅಜ್ಜಿ ಮಗಳ ಬಾಣಂತನಕ್ಕೆಂದು ಮಾಡಿದ ಅಂಟಿನ ಉಂಡೆಯ ಸ್ಟೀಲ್ ಡಬ್ಬಿಯನ್ನು ನನಗೂ ರುಚಿಗಿರಲಿ ಎಂದು ತಂದಿದ್ದರು. ಒಣಕೊಬ್ಬರಿ, ಉತ್ತುತ್ತೆ, ಗೋಡಂಬಿ, ಗಸಗಸೆ, ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು, ಬೆಲ್ಲದ ಪಾಕ. ಒಂದನ್ನು ತಿಂದೆ, ಬಹಳ ಚೆನ್ನಾಗಿತ್ತು. ಆಮೇಲೆ ಏನೋ ಹೊಳೆದು, ಹಸುಗೂಸುಗಳನ್ನು ತೂಗುವ ತಕ್ಕಡಿಯ ಮೇಲೆ ಶುಭ್ರವಾದ ಬಟ್ಟೆ ಹಾಸಿ ಹತ್ತು ಉಂಡೆಗಳನ್ನು ಇಟ್ಟೆ. 480 ಗ್ರಾಂ. ಒಂದಕ್ಕೆ 48. ಅಷ್ಟು ಕೊಬ್ಬರಿ ಮತ್ತು ತುಪ್ಪ ಇರುವ ಉಂಡೆಯಲ್ಲಿ ಅಂದಾಜು 230 ಕ್ಯಾಲೊರಿ. "ದಿನಕ್ಕೆ ಎಷ್ಟು ಕೊಡುತ್ತೀರಿ ಅಮ್ಮ?" ಎಂದೆ. "ಬೆಳಿಗ್ಗೆ ಎರಡು, ಸಂಜೆ ಒಂದು. ಊಟಕ್ಕೆ ಮೂರು ಚಮಚ ತುಪ್ಪ."

ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು, ಬಸುರಿನಲ್ಲಿ ಬೇಕಾದದ್ದಕ್ಕಿಂತಲೂ ಜಾಸ್ತಿ. ಅಜ್ಜಿಗೆ ಅದು ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ಆದರೆ ಮೂರು ಉಂಡೆ, ಮೂರು ದೊಡ್ಡ ಚಮಚ ತುಪ್ಪ ಸೇರಿದರೆ 1,050. ಮೂರು ಹೊತ್ತಿನ ಊಟ ಮೊದಲಿನಂತೆಯೇ ಇದ್ದರೆ ದಿನಕ್ಕೆ 450 ಉಳಿಕೆ. ತೊಂಬತ್ತು ದಿನದ ಬಾಣಂತನದಲ್ಲಿ, ಕಾಗದದ ಮೇಲಿನ ಲೆಕ್ಕಕ್ಕೆ, ಐದು ಕೆಜಿ. ದೇಹ ಇಷ್ಟು ನೇರವಾಗಿ ಲೆಕ್ಕ ಒಪ್ಪಿಸುವುದಿಲ್ಲ, ನಿಜ. ಆದರೆ ಅಜ್ಜಿಯ ಕಾಲದ ಬಾಣಂತಿ ಮೂರು ತಿಂಗಳಾಗುತ್ತಲೇ ಹೊಲಕ್ಕೆ, ಬೀಸುವ ಕಲ್ಲಿಗೆ, ದೂರದ ನೀರಿಗೆ ಮರಳುತ್ತಿದ್ದಳು. ಈಗಿನವಳು ಮರಳುವುದು ಲ್ಯಾಪ್‌ಟಾಪಿಗೆ. ಉಂಡೆ ಮಾತ್ರ ಅದೇ ಅಳತೆಯದ್ದು.

ಬಾಣಂತನವನ್ನು ಹಳಿಯುವವಳು ನಾನಲ್ಲ. ಹೆತ್ತವಳಿಗೆ ಮೂರು ತಿಂಗಳು ಅಡುಗೆ, ಕಸ, ಬಟ್ಟೆ ಯಾವುದೂ ಇಲ್ಲದೆ ಮಗುವಿನೊಂದಿಗೆ ಇರಲು ಬಿಡುವ ಏರ್ಪಾಟು ಎಷ್ಟು ದೊಡ್ಡದೆಂದು, ಹೊರದೇಶದಲ್ಲಿ ಒಬ್ಬಳೇ ಹೆತ್ತು ಒಬ್ಬಳೇ ನಿಭಾಯಿಸಿದ ನಮ್ಮ ಹುಡುಗಿಯರನ್ನು ಕೇಳಿ. ನನ್ನ ತಕರಾರು ಎರಡೇ. ಒಂದು, ನೀರು ಕೊಡದಿರುವುದು. ಹೊಟ್ಟೆ ದಪ್ಪವಾಗುತ್ತದೆ ಎಂದು ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುತ್ತಾರೆ. ಮಗು ಕುಡಿಯುವ ಮುಕ್ಕಾಲು ಲೀಟರಿನಷ್ಟು ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಅದು ಎಲ್ಲಿಂದ ಬರಬೇಕು? ನೀರು ಕಡಿಮೆಯಾದವಳಿಗೆ ಮಲಬದ್ಧತೆ, ಹೊಲಿಗೆ ನೋವು. ಎರಡು, ಮಲಗಿಸಿಯೇ ಇಡುವುದು. ಸಿಸೇರಿಯನ್ ಆದವಳನ್ನೂ ನಾವು ಇಪ್ಪತ್ತನಾಲ್ಕು ಗಂಟೆಯೊಳಗೆ ಎಬ್ಬಿಸಿ ನಡೆಸುವುದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಮನೆಗೆ ಹೋದ ಮೇಲೆ ಅದೇ ಕಾಲನ್ನು ತಿಂಗಳುಗಟ್ಟಲೆ ಮಂಚದ ಮೇಲೆ ಇಡುತ್ತಾರೆ.

ಹೊಟ್ಟೆಗೆ ಹಳೆಯ ಸೀರೆ ಬಿಗಿಯುವುದರಿಂದ ಕೊಬ್ಬು ಕರಗುವುದಿಲ್ಲ. ಬೆನ್ನಿಗೆ ಆಸರೆ ಸಿಗುತ್ತದೆ, ಅಷ್ಟೇ. ಉಸಿರುಗಟ್ಟುವಂತೆ ಬಿಗಿದರೆ ಒತ್ತಡವೆಲ್ಲ ಕೆಳಕ್ಕೆ, ಮೊದಲೇ ಸಡಿಲಗೊಂಡ ಭಾಗದ ಮೇಲೆ ಬೀಳುತ್ತದೆ. ಹೊಟ್ಟೆ ಒಳಹೋಗದಿರುವುದಕ್ಕೆ ಕೊಬ್ಬೊಂದೇ ಕಾರಣವಲ್ಲ. ನಡುವಿನ ಎರಡು ಸ್ನಾಯುಗಳು ಬೇರೆಬೇರೆಯಾಗಿರುವುದೂ ಇದೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನಷ್ಟೇ ಎತ್ತಿ, ಹೊಕ್ಕುಳ ಬಳಿ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಹೆಚ್ಚು ಒಳಗಿಳಿದರೆ, ಮೊಬೈಲಿನಲ್ಲಿ ನೋಡಿದ ಹೊಟ್ಟೆ ಕರಗಿಸುವ ಕಸರತ್ತುಗಳನ್ನು ಸದ್ಯ ಬಿಟ್ಟು ಫಿಸಿಯೋಥೆರಪಿಸ್ಟರನ್ನು ಕಾಣಿ. ಮೊದಲ ವಾರದಿಂದಲೇ ಮಾಡಬಹುದಾದದ್ದು ಒಂದಿದೆ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಐದರಿಂದ ಹತ್ತು ಸೆಕೆಂಡು ಬಿಗಿದು ಸಡಿಲಿಸುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಗುವಿಗೆ ಹಾಲೂಡಿಸುತ್ತಲೇ ಮಾಡಬಹುದು, ಪಕ್ಕದಲ್ಲಿ ಕುಳಿತವರಿಗೂ ತಿಳಿಯುವುದಿಲ್ಲ. ಸೀನಿದರೆ, ನಕ್ಕರೆ ಮೂತ್ರ ಜಿನುಗುತ್ತದೆ ಎಂಬ ಕಾರಣಕ್ಕೆ ನಡಿಗೆಯನ್ನೇ ಬಿಟ್ಟವರು ನನ್ನ ಬಳಿ ಬಂದಿದ್ದಾರೆ. ನಾನಾಗಿ ಕೇಳುವವರೆಗೆ ಅದನ್ನು ಬಾಯಿಬಿಟ್ಟು ಹೇಳಿದವರು ಕಡಿಮೆ.

ಆರು ವಾರದ ತಪಾಸಣೆಯಾದ ಮೇಲೆ ನಡಿಗೆಯನ್ನು ಜೋರು ಮಾಡಬಹುದು. ಓಟ, ಜಿಗಿತ ಮೂರು ತಿಂಗಳ ನಂತರವೇ. ವಾರಕ್ಕೆ ಅರ್ಧ ಕೆಜಿ ಇಳಿದರೆ ಹಾಲಿಗೆ ಕೊರತೆಯಾಗುವುದಿಲ್ಲ. ಊಟದ ಬದಲು ತೂಕ ಇಳಿಸುವ ಪುಡಿ ಕಲಸಿ ಕುಡಿಯುವವರಿಗೆ ನಾನು ಏನೂ ಹೇಳುವುದಿಲ್ಲ, ಡಬ್ಬಿ ತನ್ನಿ ಎನ್ನುತ್ತೇನೆ. ತಂದವರು ಸಾಮಾನ್ಯವಾಗಿ ಬೆಲೆ ಹೇಳುವಾಗಲೇ ನಕ್ಕುಬಿಡುತ್ತಾರೆ. ಎಷ್ಟು ಮಾಡಿದರೂ ತೂಕ ಅಲ್ಲಾಡದೆ ಸುಸ್ತು ಬಿಡದಿದ್ದರೆ ಥೈರಾಯ್ಡ್ ನೋಡಿಸಿ. ಬಸುರಿನಲ್ಲಿ ಸಕ್ಕರೆ ಬಂದಿದ್ದವರು ಆರರಿಂದ ಹನ್ನೆರಡು ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಹೆರಿಗೆಯೊಂದಿಗೆ ಅದು ಹೋಯಿತು ಎಂದುಕೊಂಡು ಚೀಟಿ ಎಸೆಯುವವರೇ ಎರಡನೆಯ ಬಸುರಿಗೆ ಹತ್ತು ಕೆಜಿ ಹೆಚ್ಚಿಗೆ ಹೊತ್ತು, ಸಕ್ಕರೆಯನ್ನೂ ಹೊತ್ತು ಬರುತ್ತಾರೆ.

ಅಜ್ಜಿಯೊಂದಿಗೆ ಅಂದು ನಡೆದ ಸಂಧಾನ ಹೀಗೆ: ಉಂಡೆ ದಿನಕ್ಕೆ ಒಂದು, ಬೆಳಿಗ್ಗೆ, ತುಪ್ಪ ಒಂದು ಚಮಚ, ಸಬ್ಬಸಿಗೆ ಸೊಪ್ಪು, ಬೇಳೆ, ಮೊಟ್ಟೆ ಬೇಕಾದಷ್ಟು, ಕುದಿಸಿ ಆರಿಸಿದ ನೀರು ಕೇಳಿದಷ್ಟು, ಸಂಜೆ ಮಗುವನ್ನು ಅಜ್ಜಿ ಎತ್ತಿಕೊಂಡರೆ ಮಗಳು ತಾರಸಿಯ ಮೇಲೆ ಇಪ್ಪತ್ತು ನಿಮಿಷ. ನೀರಿನ ಮಾತಿಗೆ ಅವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಬಂದಾಗ ಮಗುವನ್ನು ತೂಗಿದೆವು. ಆ ದಿನಗಳಲ್ಲಿ ಎಲ್ಲರೂ ಮಗುವನ್ನೇ ತೂಗುತ್ತಾರೆ, ತಾಯಿಯನ್ನು ಯಾರೂ ಕೇಳುವುದಿಲ್ಲ; ಹಾಗಾಗಿ ಅವಳಿಗೂ ಹತ್ತಲು ಹೇಳಿದೆ. ಬಸುರಿಗೆ ಮುಂಚಿನ ತೂಕಕ್ಕೆ ಇನ್ನೂ ಮೂರು ಕೆಜಿ ಬಾಕಿ ಇತ್ತು. "ಎರಡನೆಯ ಡಬ್ಬಿ ಮಾಡಿದ್ದೀರಾ ಅಮ್ಮ?" ಎಂದು ಕೇಳಿದೆ. "ಮಾಡಿದ್ದೆ ಡಾಕ್ಟರೇ. ದಿನಕ್ಕೆ ಒಂದೇ ಎಂದಿರಲ್ಲ, ಉಳಿದದ್ದನ್ನು ಕೆಡಿಸುವುದು ಹೇಗೆ? ಶನಿವಾರ ಭಾನುವಾರ ಬರುತ್ತಿದ್ದ ಅಳಿಯಂದಿರಿಗೆ ಕೊಟ್ಟೆ." ಬಾಗಿಲ ಬಳಿ ನಿಂತಿದ್ದ ಅಳಿಯನನ್ನು ನರ್ಸ್ ಯಂತ್ರದ ಕಡೆಗೆ ಕರೆದರು. ಆತ ಚಪ್ಪಲಿ ಬಿಟ್ಟು, ಜೇಬಿನಿಂದ ಮೊಬೈಲ್ ತೆಗೆದು ಹೆಂಡತಿಯ ಕೈಗೆ ಕೊಟ್ಟ.