ರೆಕಾರ್ಡಿಂಗ್ ಎಂಜಿನಿಯರ್ ಅಂದರೆ ಯಾರು? ಟಾಮ್ ಡೌಡ್ ಕಥೆ ಓದಿ

ಸ್ಟುಡಿಯೋದಲ್ಲಿ ಹಾಡಿದ್ದನ್ನು, ನುಡಿಸಿದ್ದನ್ನು ಟೇಪಿನಲ್ಲೋ ಕಂಪ್ಯೂಟರಿನಲ್ಲೋ ಹಿಡಿಯುವವರು ರೆಕಾರ್ಡಿಂಗ್ ಎಂಜಿನಿಯರ್. ಯಾವ ವಾದ್ಯಕ್ಕೆ ಯಾವ ಮೈಕ್ ಹಾಕಬೇಕು, ಎಷ್ಟು ದೂರ ಇಡಬೇಕು, ಯಾವ ಸದ್ದು ಮುಂದೆ ಬರಬೇಕು, ಯಾವುದು ಹಿಂದೆ ನಿಲ್ಲಬೇಕು, ಇದೆಲ್ಲ ಅವರ ಕೆಲಸ. ಪ್ರೊಡ್ಯೂಸರ್ ಅಂದರೆ ಬೇರೆ. ಆ ಹೆಸರು ಕೇಳಿದ ಕೂಡಲೇ ನಮಗೆ ಸಿನಿಮಾಕ್ಕೆ ದುಡ್ಡು ಹಾಕುವವರು ನೆನಪಾಗುತ್ತಾರೆ, ಅಲ್ವಾ? ಸಂಗೀತದಲ್ಲಿ ಪ್ರೊಡ್ಯೂಸರ್ ಕೆಲಸ ನಿರ್ದೇಶಕರದ್ದಕ್ಕೆ ಹತ್ತಿರ. ಯಾವ ಹಾಡು ತಗೊಳ್ಳೋಣ, ಎಷ್ಟು ವೇಗ ಇರಲಿ, ಯಾರನ್ನು ನುಡಿಸೋಕೆ ಕರೆಯೋಣ, ಯಾವ ಟೇಕ್ ಉಳಿಸೋಣ ಅಂತ ಹೇಳುವವರು ಅವರು.

ಹೀಗೆ ಬರೆದರೆ ಎರಡೂ ಬೇರೆ ಬೇರೆ ಕುರ್ಚಿಗಳ ಹಾಗೆ ಕಾಣುತ್ತದೆ. ನಿಜವಾದ ಸ್ಟುಡಿಯೋದಲ್ಲಿ ಈ ಗೆರೆ ಪದೇ ಪದೇ ಅಳಿಸಿ ಹೋಗುತ್ತದೆ. ಅದು ಯಾಕೆ ಅಂತ ತಿಳಿಯೋಕೆ ಅಮೆರಿಕದ ಟಾಮ್ ಡೌಡ್ ಅವರ ಬದುಕು ನೋಡಿದರೆ ಸಾಕು.

ಡೌಡ್ ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕ್‌ನಲ್ಲಿ. ತಾಯಿ ಒಪೆರಾ ಗಾಯಕಿ. ಮನೆಯಲ್ಲಿ ಸಂಗೀತ ಇದ್ದೇ ಇತ್ತು. ಪಿಯಾನೋ, ಪಿಟೀಲು, ಟ್ಯೂಬಾ, ತಗ್ಗು ಸ್ವರದ ತಂತಿವಾದ್ಯ ಬೇಸ್ ಎಲ್ಲ ಕಲಿತರು. ಆದರೆ ಓದಿಗೆ ಹಿಡಿದ ದಾರಿ ಭೌತಶಾಸ್ತ್ರದ್ದು. 16ನೇ ವಯಸ್ಸಿಗೆ ಹೈಸ್ಕೂಲು ಮುಗಿಸಿ ಕೊಲಂಬಿಯಾ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ನಡೆಯುತ್ತಿದ್ದದ್ದು ಮ್ಯಾನ್‌ಹಟನ್ ಯೋಜನೆಯ ಭಾಗ, ಅಂದರೆ ಅಣುಬಾಂಬಿನ ಕೆಲಸ. 1946ರಲ್ಲಿ ಬಿಕಿನಿ ದ್ವೀಪದ ಅಣು ಪರೀಕ್ಷೆಗೂ ಹೋಗಿದ್ದರು. ಯುದ್ಧ ಮುಗಿದ ಮೇಲೆ ಡಿಗ್ರಿ ಮುಗಿಸೋಣ ಅಂದರೆ ಪೇಚಾಟ. ಅವರಿಗೆ ಗೊತ್ತಿದ್ದದ್ದು ಸರ್ಕಾರಿ ಗುಟ್ಟು, ಬಾಯಿ ಬಿಡುವ ಹಾಗಿಲ್ಲ. ಕಾಲೇಜಿನ ಪಾಠ ಇನ್ನೂ ಯುದ್ಧಕ್ಕೆ ಮುಂಚಿನದ್ದು. ತಾನು ಆಗಲೇ ದಾಟಿ ಬಂದದ್ದನ್ನು ತಪ್ಪು ತಪ್ಪಾಗಿ ಮತ್ತೆ ಕಲಿಯಬೇಕು! ಬೇಡವೇ ಬೇಡ ಅಂತ ರೆಕಾರ್ಡಿಂಗ್ ಸ್ಟುಡಿಯೋ ಕೆಲಸಕ್ಕೆ ಬಂದರು.

ಅಲ್ಲಿಂದ ಅಟ್ಲಾಂಟಿಕ್ ರೆಕಾರ್ಡ್ಸ್. 1947ರಲ್ಲಿ ಶುರುವಾದ ಆ ಕಂಪನಿಗೆ ಆಗ ದುಡ್ಡೂ ಇರಲಿಲ್ಲ, ಜಾಗವೂ ಇರಲಿಲ್ಲ. ನ್ಯೂಯಾರ್ಕ್‌ನ 56ನೇ ಬೀದಿಯ ಆಫೀಸೇ ಸ್ಟುಡಿಯೋ. ಹಗಲು ಕಂಪನಿ ನಡೆಸುತ್ತಿದ್ದ ಅಹ್ಮೆತ್ ಎರ್ಟೆಗನ್, ಜೆರ್ರಿ ವೆಕ್ಸ್ಲರ್ ಕೂತು ವ್ಯವಹಾರ ನೋಡುವ ಕೋಣೆಯಲ್ಲಿ ಸಂಜೆ ಮೇಜುಗಳನ್ನು ಗೋಡೆಗೆ ಸರಿಸಿ ಮೈಕ್ ನಿಲ್ಲಿಸುತ್ತಿದ್ದರು. ಗಾಯಕ ರೇ ಚಾರ್ಲ್ಸ್ ಅವರಂಥವರು ಹಾಡಿದ್ದು ಆ ಕೋಣೆಯಲ್ಲಿ. ಆ ಕಾಲದ ಹಲವು ಎಂಜಿನಿಯರ್‌ಗಳು ಬೇಸ್, ಡ್ರಮ್ ಸದ್ದನ್ನು ಹಿಂದಕ್ಕೆ ತಳ್ಳುತ್ತಿದ್ದರು. ಬೇಸ್ ಜಾಸ್ತಿಯಾದರೆ ಗ್ರಾಮಫೋನ್ ಮುಳ್ಳು ಗೀರಿನಿಂದ ಹಾರಿಬಿಡುವ ಭಯ ಅವರಿಗೆ. ಡೌಡ್ ತಾವೇ ಬೇಸ್ ನುಡಿಸಿದ್ದವರು. ಕುಣಿಸುವ ಹಾಡಿನಲ್ಲಿ ಕುಣಿಸುವ ವಾದ್ಯವೇ ಕೇಳದಿದ್ದರೆ ಹೇಗೆ? ಅವರು ಅವಕ್ಕೆ ಹೆಚ್ಚು ಮೈಕ್ ಕೊಟ್ಟರು. ಹಳೆಯ ಅಟ್ಲಾಂಟಿಕ್ ರೆಕಾರ್ಡುಗಳು ಇವತ್ತಿಗೂ ಮೈಕೈ ತುಂಬಿಕೊಂಡು ಕೇಳುವುದಕ್ಕೆ ಇದೂ ಒಂದು ಕಾರಣ.

ಈಗ ಡೌಡ್ ಹೆಸರಿನ ಜೊತೆ ಸದಾ ಬರುವ ಇನ್ನೊಂದು ಪದ: ಮಲ್ಟಿಟ್ರ್ಯಾಕ್. ಮೊದಲು ಎಲ್ಲರೂ ಒಟ್ಟಿಗೆ ನುಡಿಸಬೇಕಿತ್ತು, ಎಲ್ಲ ಸದ್ದೂ ಒಂದೇ ಪಟ್ಟಿಯಲ್ಲಿ ಅಚ್ಚಾಗುತ್ತಿತ್ತು. ಸಾರಿಗೆ ಉಪ್ಪು ಬಿದ್ದ ಮೇಲೆ ತೆಗೆಯೋಕೆ ಆಗುತ್ತಾ? ಹಾಗೇ ಇದೂ. ತುತ್ತೂರಿ ಜೋರಾಯಿತು ಅಂದರೆ ಇಡೀ ಹಾಡನ್ನು ಮತ್ತೆ ನುಡಿಸಬೇಕು. ಮಲ್ಟಿಟ್ರ್ಯಾಕ್‌ನಲ್ಲಿ ಒಂದೇ ಟೇಪಿನ ಮೇಲೆ ಹಲವು ಪಟ್ಟಿಗಳು. ದನಿಗೆ ಒಂದು, ಡ್ರಮ್‌ಗೆ ಒಂದು, ಗಿಟಾರಿಗೆ ಒಂದು. ಯಾವುದನ್ನು ಬೇಕಾದರೂ ಆಮೇಲೆ ಏರಿಸಬಹುದು, ಇಳಿಸಬಹುದು, ಅಳಿಸಿ ಮತ್ತೆ ಹಾಡಿಸಬಹುದು. ಆಂಪೆಕ್ಸ್ ಕಂಪನಿ ಒಂದು ಇಂಚು ಅಗಲದ ಟೇಪಿನಲ್ಲಿ 8 ಟ್ರ್ಯಾಕ್ ಹಿಡಿಯುವ ಮೆಷಿನ್ ಮಾಡಿ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಕೊಟ್ಟಿತ್ತು. ಡೌಡ್ ಹಟ ಹಿಡಿದು ಅಂಥದ್ದೇ ಒಂದನ್ನು ಅಟ್ಲಾಂಟಿಕ್‌ಗೆ ತರಿಸಿದರು. 1950ರ ದಶಕ ಮುಗಿಯುವುದರೊಳಗೆ ಅಲ್ಲಿ 8 ಟ್ರ್ಯಾಕ್ ಓಡುತ್ತಿತ್ತು. ಲಂಡನ್ನಿನಲ್ಲಿ ಬೀಟಲ್ಸ್ 1967ರಲ್ಲೂ 4 ಟ್ರ್ಯಾಕ್ ಮೆಷಿನ್ನಿನಲ್ಲೇ ಹೆಣಗಾಡುತ್ತಿದ್ದರು ಅಂದರೆ ಡೌಡ್ ಎಷ್ಟು ಮುಂದಿದ್ದರು ಅಂತ ಲೆಕ್ಕ ಹಾಕಿ.

ಎಂಟು ಟ್ರ್ಯಾಕ್ ಬಂತು, ಕೈ ಮಾತ್ರ ಎರಡೇ. ಆಗ ಟ್ರ್ಯಾಕ್‌ಗಳ ಸದ್ದನ್ನು ಏರಿಸಿ ಇಳಿಸಿ ಬೆರೆಸುವ ಮಿಕ್ಸರ್‌ಗಳಲ್ಲಿ ಇದ್ದದ್ದು ತಿರುಗಿಸುವ ದಪ್ಪ ದಪ್ಪ ಗುಬುಟುಗಳು. ಒಂದು ಕೈಗೆ ಒಂದೇ ಸಿಗುತ್ತಿತ್ತು. ಡೌಡ್ ಅವುಗಳ ಬದಲು ಮೇಲೆ ಕೆಳಗೆ ಜಾರುವ ಫೇಡರ್‌ಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದರು. ಆಗ ಹತ್ತು ಬೆರಳಿಗೂ ಕೆಲಸ ಸಿಕ್ಕಿತು. ಪಿಯಾನೋ ಕಲಿತವರಿಗೆ ಇದು ಹೊಳೆದದ್ದು ಸಹಜವೇ. ಇವತ್ತು ಮೊಬೈಲಿನ ಮ್ಯೂಸಿಕ್ ಆ್ಯಪ್‌ನಲ್ಲೂ ನಾವು ಬೆರಳಿನಿಂದ ಎಳೆಯುವುದು ಅದೇ ಜಾರುಪಟ್ಟಿಯ ಚಿತ್ರವನ್ನು.

ಇಷ್ಟೆಲ್ಲ ಮಾಡಿದರೂ ಬಹಳ ಕಾಲ ರೆಕಾರ್ಡ್ ಕವರಿನ ಮೇಲೆ ಅವರು ಬರೀ ಎಂಜಿನಿಯರ್. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಜಾಝ್ ಇರಲಿ, ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ 1967ರ ಹಾಡುಗಳಿರಲಿ, ಪ್ರೊಡ್ಯೂಸರ್ ಜಾಗದಲ್ಲಿ ಬೇರೆಯವರ ಹೆಸರು. 1960ರ ದಶಕದ ಕೊನೆಯಲ್ಲಿ ಅವರ ಹೆಸರೂ ಆ ಜಾಗಕ್ಕೆ ಬರತೊಡಗಿತು. ಕೆಲಸ ಬದಲಾಯಿತಾ? ನನ್ನ ಪ್ರಕಾರ ಇಲ್ಲ. ಮೊದಲಿನಿಂದ ಮಾಡುತ್ತಿದ್ದ ಕೆಲಸಕ್ಕೆ ತಡವಾಗಿ ಹೆಸರು ಸಿಕ್ಕಿತು, ಅಷ್ಟೇ. 1970ರಲ್ಲಿ ಮಯಾಮಿಯಲ್ಲಿ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರನ್ನು ಇನ್ನೊಬ್ಬ ಗಿಟಾರ್ ವಾದಕ ಡ್ವೇನ್ ಆಲ್ಮನ್ ಅವರ ಸಂಗೀತ ಕಛೇರಿಗೆ ಕರೆದುಕೊಂಡು ಹೋಗಿ ಇಬ್ಬರನ್ನೂ ಸೇರಿಸಿದ್ದು ಇವರೇ. ಕ್ಲ್ಯಾಪ್ಟನ್ ಅವರ 'ಲೇಲಾ' ಆಲ್ಬಮ್‌ನ ಜೋಡಿ ಗಿಟಾರ್ ಹುಟ್ಟಿದ್ದು ಹಾಗೆ.

ಎರಡೂ ಕುರ್ಚಿ ಒಂದಾಗುವುದು ಹೇಗೆ ಅಂತ ತೋರಿಸುವ ಒಂದು ಘಟನೆ ಹೇಳಲೇಬೇಕು. 1971ರ ಮಾರ್ಚ್‌ನಲ್ಲಿ ಆಲ್ಮನ್ ಬ್ರದರ್ಸ್ (ಡ್ವೇನ್ ಅವರ ರಾಕ್ ತಂಡ) ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸುತ್ತಿದ್ದರು. ರೆಕಾರ್ಡಿಂಗ್ ಯಂತ್ರ ಹೊರಗೆ ಟ್ರಕ್ಕಿನಲ್ಲಿ. ಡೌಡ್ ಘಾನಾದಿಂದ ಆಗಷ್ಟೇ ವಾಪಸಾಗಿದ್ದರು, ನೇರವಾಗಿ ಟ್ರಕ್ ಹತ್ತಿದರು. ನೋಡಿದರೆ ವೇದಿಕೆ ಮೇಲೆ ಯಾರೂ ಮೊದಲೇ ಹೇಳದ ಊದುವಾದ್ಯದವರು! ಅವರ ಸದ್ದು ಪಕ್ಕದವರ ಮೈಕ್‌ಗಳಿಗೆಲ್ಲ ಸೋರಿಕೊಂಡು ಟ್ರ್ಯಾಕ್‌ಗಳು ಕೆಡುತ್ತಿದ್ದವು. ಬಿಡುವಿನಲ್ಲಿ ಡೌಡ್ ನೇರ ಡ್ವೇನ್ ಬಳಿ ಹೋಗಿ, ಅವರನ್ನು ತೆಗೆಯಲೇಬೇಕು ಅಂದರು. ಸದ್ದು ಸೋರುತ್ತಿದೆ ಅಂತ ಕಂಡುಹಿಡಿದದ್ದು ಎಂಜಿನಿಯರ್ ಕಿವಿ. ವಾದ್ಯಗಾರರನ್ನೇ ಇಳಿಸಿ ಅಂದದ್ದು ಪ್ರೊಡ್ಯೂಸರ್ ಬಾಯಿ. ರಾತ್ರಿ ಕಛೇರಿ ಮುಗಿದ ಮೇಲೆ ತಂಡವನ್ನು ಅಟ್ಲಾಂಟಿಕ್ ಸ್ಟುಡಿಯೋಗೆ ಕರೆದೊಯ್ದು ಟೇಪ್ ಹಾಕಿ ಕೇಳಿಸುತ್ತಿದ್ದರು. ಯಾವ ಹಾಡು ಚೆನ್ನಾಗಿ ಸಿಕ್ಕಿದೆ, ನಾಳೆ ಯಾವುದನ್ನು ಮತ್ತೆ ನುಡಿಸಬೇಕು ಅನ್ನುವುದು ಅಲ್ಲೇ ತೀರ್ಮಾನ. ಆ ರಾತ್ರಿಗಳ ಆಲ್ಬಮ್ ಅದೇ ವರ್ಷ ಬಂತು, ಲೈವ್ ರೆಕಾರ್ಡಿಂಗ್ ಅಂದರೆ ಇಂದಿಗೂ ಮೊದಲು ನೆನಪಾಗುವ ಕೆಲವು ಆಲ್ಬಮ್‌ಗಳಲ್ಲಿ ಅದೂ ಒಂದು.

ಡೌಡ್ ತೀರಿಕೊಂಡದ್ದು 2002ರ ಅಕ್ಟೋಬರ್‌ನಲ್ಲಿ, ಫ್ಲೋರಿಡಾದಲ್ಲಿ. ಮುಂದಿನ ವರ್ಷ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ವಯಸ್ಸಾದ ಡೌಡ್ ಮಿಕ್ಸರ್ ಮುಂದೆ ಕೂತು 'ಲೇಲಾ' ಹಾಡಿನ ಟ್ರ್ಯಾಕ್‌ಗಳನ್ನು ಒಂದೊಂದಾಗಿ ತೆರೆದು, ಇದು ಎರಿಕ್, ಇದು ಡ್ವೇನ್ ಅಂತ ಬಿಡಿಸಿ ಕೇಳಿಸುತ್ತಾರೆ. ರೆಕಾರ್ಡಿಂಗ್ ಎಂಜಿನಿಯರ್ ಅನ್ನುವ ಪದದ ಅರ್ಥ ತಿಳಿಯೋಕೆ ನಾನು ಮೇಲೆ ಬರೆದದ್ದಕ್ಕಿಂತ ಆ ಕೆಲವು ನಿಮಿಷಗಳೇ ಹೆಚ್ಚು ಉಪಯೋಗಕ್ಕೆ ಬಂದಾವು.