ಚರ್ಮ ದಾಟದ ಔಷಧಿ: ತಪ್ಪು ದ್ರಾವಕದ್ದೋ, ಅಳತೆಯದ್ದೋ?

ಮುಲಾಮಿನಲ್ಲಿ ಔಷಧಿಯನ್ನು ದುಪ್ಪಟ್ಟು ಮಾಡಿದರೂ ಚರ್ಮ ದಾಟುವುದು ಅಷ್ಟೇ ಇರುವುದುಂಟು. ತಡೆಯೆಲ್ಲ ಬಹುಪಾಲು ತೀರಾ ಹೊರಗಿನ ಸ್ಟ್ರೇಟಮ್ ಕಾರ್ನಿಯಮ್‌ನದು: 10–20 ಮೈಕ್ರೋಮೀಟರ್ ದಪ್ಪ, ಸತ್ತ ಕೋಶಗಳು, ನಡುವೆ ಕೊಬ್ಬಿನ ಪದರಗಳು. ಸುಮಾರು 500 ಡಾಲ್ಟನ್ (ಅಣುವಿನ ತೂಕದ ಮಾನ) ಮೀರಿದ ಅಣುಗಳು ಸಾಮಾನ್ಯವಾಗಿ ಇಲ್ಲೇ ನಿಲ್ಲುತ್ತವೆ. ಇನ್ಸುಲಿನ್ 5,800ರ ಹತ್ತಿರ. ಅದಕ್ಕೆ ದ್ರಾವಕ ಬದಲಿಸುತ್ತಾ ಕೂರುವ ಬದಲು ಮೈಕ್ರೋನೀಡಲ್ ಎಂಬ ಅತಿಸಣ್ಣ ಸೂಜಿಗಳಿಂದ ಪದರವನ್ನೇ ಚುಚ್ಚುವುದು ಮೇಲು.

ಸಣ್ಣ ಅಣುವಾದರೆ ಮೊದಲು ನೋಡಬೇಕಾದ್ದು ಸಂತೃಪ್ತತೆ: ದ್ರಾವಕ ಕರಗಿಸಬಲ್ಲ ಗರಿಷ್ಠದಲ್ಲಿ ಎಷ್ಟು ಪಾಲು ಔಷಧಿ ತುಂಬಿದೆ ಎಂಬುದು. ಔಷಧಿ ಒಂದು ದ್ರಾವಕದಲ್ಲಿ 1%, ಇನ್ನೊಂದರಲ್ಲಿ 10% ಕರಗುತ್ತದೆ ಎನ್ನಿ. ಎರಡಕ್ಕೂ 1% ಹಾಕಿದರೆ ಮೊದಲನೆಯದು ಭರ್ತಿ. ಎರಡನೆಯದರಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಅಲ್ಲಿ ಔಷಧಿ ಹಾಯಾಗಿದೆ, ಚರ್ಮದೊಳಗೆ ಹೋಗುವ ಒತ್ತಡ ತೀರಾ ಕಡಿಮೆ. ಹಾಗಾಗಿ ಚೆನ್ನಾಗಿ ಕರಗಲೆಂದು ಪ್ರೊಪಿಲೀನ್ ಗ್ಲೈಕಾಲ್ ಸುರಿದರೆ ಫ್ಲಕ್ಸ್, ಅಂದರೆ ಗಂಟೆಗೆ ಪ್ರತಿ ಚದರ ಸೆಂಟಿಮೀಟರ್ ಚರ್ಮ ದಾಟುವ ಔಷಧಿ, ಇಳಿಯಬಹುದು. ಭರ್ತಿಯಾದ ದ್ರಾವಣಕ್ಕೆ ಇನ್ನಷ್ಟು ಹಾಕಿದರೂ ಅದು ಕರಗದೆ ತಳದಲ್ಲಿ ಉಳಿಯುತ್ತದೆ, ಅಷ್ಟೆ. ಎಥನಾಲ್ ಆವಿಯಾಗುತ್ತಾ ಸಂತೃಪ್ತತೆಯನ್ನು ತಾನಾಗಿ ಏರಿಸುತ್ತದೆ, ಆದರೆ ಔಷಧಿ ಹರಳುಗಟ್ಟಿತೋ, ಲಾಭ ಹೋಯಿತು. ಪಾಲಿವಿನೈಲ್ ಪಿರೊಲಿಡೋನ್ (ಪಿವಿಪಿ) ಥರದ ಪಾಲಿಮರ್ ಹರಳುಗಟ್ಟುವುದನ್ನು ತಡಮಾಡುತ್ತದೆ. ಓಲಿಯಿಕ್ ಆಮ್ಲದ ದಾರಿ ಬೇರೆ: ಅದರ ಬಾಗಿದ ಸರಪಳಿ ಕೊಬ್ಬಿನ ಪದರಗಳ ಒತ್ತಾದ ಜೋಡಣೆಯನ್ನೇ ಸಡಿಲಿಸುತ್ತದೆ.

ಇನ್ನು ಅಳತೆಯ ಸಾಧನ, ಫ್ರಾಂಜ್ ಸೆಲ್: ಮೇಲೆ ಔಷಧಿ ಇಡುವ ದಾನಿ ಕೋಣೆ, ನಡುವೆ ಚರ್ಮದ ತುಂಡು, ಕೆಳಗೆ ದಾಟಿ ಬಂದದ್ದನ್ನು ಹಿಡಿಯುವ ಬಫರ್ ದ್ರಾವಣ. ಚರ್ಮದ ಮೇಲ್ಮೈ 32 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ಕೆಳಗಿನ ಬಫರ್‌ನಿಂದ ಮೊದಲೇ ಗಾಳಿ ತೆಗೆಯಿರಿ. ಚರ್ಮದಡಿ ಗುಳ್ಳೆ ಕೂತರೆ ಆ ಜಾಗದಲ್ಲಿ ವಿಸರಣೆ ನಿಲ್ಲುತ್ತದೆ, ನಿಮ್ಮ ಲೆಕ್ಕದಲ್ಲಿ ಮಾತ್ರ ಪೂರ್ತಿ ವಿಸ್ತೀರ್ಣವೇ ಇರುತ್ತದೆ. 0.5 ಮಿಲೀ ಮಾದರಿ ತೆಗೆದರೆ ಅಷ್ಟೇ ಹೊಸ ಬಫರ್ ತುಂಬಿ. ತೆಗೆದ ಮಾದರಿಯಲ್ಲಿದ್ದ ಔಷಧಿಯನ್ನೂ ಒಟ್ಟು ಮೊತ್ತಕ್ಕೆ ಕೂಡಿಸಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಬಫರ್‌ನಲ್ಲಿ ಔಷಧಿಯ ಸಾರತೆ ಅದರ ಕರಗುವಿಕೆಯ ಶೇ. 10 ದಾಟಬಾರದು, ದಾಟಿದರೆ ಸಮಯಕ್ಕೆ ಎದುರಾಗಿ ಒಟ್ಟು ಮೊತ್ತ ತೋರಿಸುವ ರೇಖೆ ಬಾಗುತ್ತದೆ, ತಪ್ಪನ್ನು ಚರ್ಮದ ತಲೆಗೆ ಕಟ್ಟುತ್ತೇವೆ.

ಒಂದು ಲೆಕ್ಕ. ಪ್ರತಿ ಚದರ ಸೆಂಟಿಮೀಟರ್‌ಗೆ 8ನೇ ಗಂಟೆಗೆ 40, 24ನೇ ಗಂಟೆಗೆ 200 ಮೈಕ್ರೋಗ್ರಾಂ ದಾಟಿದೆ, ನಡುವಿನ ಬಿಂದುಗಳು ನೇರ ರೇಖೆಯಲ್ಲಿವೆ. ಇಳಿಜಾರು 160 ಭಾಗಿಸು 16, ಅಂದರೆ ಗಂಟೆಗೆ 10 ಮೈಕ್ರೋಗ್ರಾಂ, ಇದೇ ಫ್ಲಕ್ಸ್. ರೇಖೆಯನ್ನು ಹಿಂದಕ್ಕೆ ಎಳೆದರೆ ಸಮಯದ ಅಕ್ಷವನ್ನು 4ರಲ್ಲಿ ಮುಟ್ಟುತ್ತದೆ: ವಿಳಂಬ ಕಾಲ (ಔಷಧಿ ಪದರವನ್ನು ಹಾಯುವಾಗಿನ ಆರಂಭದ ತಡ) 4 ಗಂಟೆ. ಸೊನ್ನೆಯಿಂದಲೇ ಗೆರೆ ಎಳೆದು 200ನ್ನು 24ರಿಂದ ಭಾಗಿಸಿದವರಿಗೆ 8.3 ಎಂಬ ತಪ್ಪು ಉತ್ತರ ಬರುತ್ತದೆ. ದಾನಿ ಕೋಣೆಯಲ್ಲಿ ಮಿಲೀಗೆ 10 ಮಿಗ್ರಾಂ ಇದ್ದರೆ ವ್ಯಾಪ್ಯತೆಯ ಗುಣಾಂಕ (ಫ್ಲಕ್ಸ್ ಭಾಗಿಸು ದಾನಿ ಕೋಣೆಯ ಸಾರತೆ) ಗಂಟೆಗೆ 0.001 ಸೆಂಮೀ. ಓಲಿಯಿಕ್ ಆಮ್ಲ ಸೇರಿಸಿದ ಮೇಲೆ ಫ್ಲಕ್ಸ್ ಏರಿ ವಿಳಂಬವೂ ಕುಗ್ಗಿದರೆ ಪದರ ಸಡಿಲಾಗಿರುವ ಸಾಧ್ಯತೆ ಹೆಚ್ಚು. ವಿಳಂಬ 4ರಲ್ಲೇ ನಿಂತು ಫ್ಲಕ್ಸ್ ಮಾತ್ರ ಏರಿದ್ದರೆ ಔಷಧಿ ಪದರದೊಳಗೆ ಹೆಚ್ಚು ಸೇರುತ್ತಿದೆ ಎಂದು ಅನುಮಾನಿಸಿ.